ಮನೆವಾರ್ತೆ: ಹಿತ್ತಲಲ್ಲೊಂದು ಅತ್ತೆ ಮನೆ



ಉಪ್ಪಿನಕಾಯಿಗೆ ಬೂಷ್ಟು ಬರುವ ವಿಚಾರವಾಗಿ ಬಂದಿರುವ ಪತ್ರಗಳ ಕಟ್ಟು ನನ್ನ ಮೇಜಿನ ಮೇಲೇ ಇದೆ. ಅದಕ್ಕೆ ಮುಂದಿನ ಸಲ ಉತ್ತರ ಕೊಡ್ತೀನಿ, ಬೇಸರ ಮಾಡಿಕೊಳ್ಳಬೇಡಿ. ಈ ಸಲ ಒಂದೇ ಪತ್ರ. ಯಾಕೆಂದರೆ ಅದು ತಡವಾದರೆ ಕೆಡುವ ವಿಷಯ.

ಹಾಸನದ ಕಡೆಯ ಸೋದರಿಯೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ವಯಸ್ಸು 62. ಯಜಮಾನರು ಹೋಗಿ ನಾಲ್ಕು ವರ್ಷವಾಯಿತು. ಒಬ್ಬನೇ ಮಗ, ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಮನೆ ಮಾಡಿದ್ದಾನೆ. ಸೊಸೆ ಒಳ್ಳೆಯವಳು ಎಂದು ಎರಡು ಕಡೆ ಬರೆದಿದ್ದಾರೆ, ಎರಡು ಸಲವೂ ಅಡಿಗೆರೆ ಹಾಕಿದ್ದಾರೆ. ಮಗ ಹೇಳುತ್ತಾನಂತೆ: “ಅಮ್ಮಾ, ಒಬ್ಬಳೇ ಆ ಮನೇಲಿ ಯಾಕೆ ಇರ್ತೀಯ? ಅದನ್ನ ಮಾರಿಬಿಡು. ಆ ದುಡ್ಡಿಗೆ ನಾನೂ ಸೇರಿಸಿ ನಮ್ಮ ಹಿತ್ತಲಲ್ಲಿ ನಿನಗೇ ಅಂತ ಒಂದು ಪುಟ್ಟ ಮನೆ ಕಟ್ಟಿಸ್ತೀನಿ. ಬೇರೆ ಅಡುಗೆಮನೆ, ಬೇರೆ ಬಚ್ಚಲು, ನಿನ್ನ ಪಾಡಿಗೆ ನೀನು.” ಫೋನಿಗೆ ನಕ್ಷೆಯನ್ನೂ ಕಳಿಸಿದ್ದಾನೆ. ಹಾಸನದ ಮನೆಗೆ ಗಿರಾಕಿಯೂ ಬಂದು ನಿಂತಿದ್ದಾರೆ. “ಅಕ್ಕಾ, ನಾನೇನು ಮಾಡಲಿ? ಅಲ್ಲಿಯ ಕಾನೂನು ನನಗೆ ತಿಳಿಯದು. ಕಟ್ಟಿದ ಮೇಲೆ ಯಾರಾದರೂ ಬಂದು ಕೆಡವಿದರೆ?” ಇದು ಅವರ ಪ್ರಶ್ನೆ.

ಕೆಡವುವ ಭಯಕ್ಕೆ ಮೊದಲು ಉತ್ತರ ಹೇಳಿಬಿಡ್ತೀನಿ. ಲೈಸೆನ್ಸ್ ತೆಗೆದುಕೊಂಡು ಕಟ್ಟಿದರೆ ಯಾರೂ ಕೆಡವುವುದಿಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಇಂಥ ಮನೆಗಳ ಪರವಾಗಿಯೇ ಇದೆ. ನಿಮ್ಮ ಪತ್ರ ಓದಿ ನನಗೆ ಹುಟ್ಟಿದ ಭಯ ಬೇರೆಯದು, ಅದನ್ನು ಆಮೇಲೆ ಹೇಳುತ್ತೇನೆ.

ಇಂಥ ಹಿತ್ತಲ ಮನೆಗೆ ಅಮೆರಿಕದವರು ಆಡುಮಾತಿನಲ್ಲಿ ಗ್ರ್ಯಾನಿ ಫ್ಲ್ಯಾಟ್, ಇನ್-ಲಾ ಯೂನಿಟ್ ಅಂತಾರೆ. ಅಂದರೆ ಅಜ್ಜಿ ಮನೆ, ಅತ್ತೆ ಮನೆ! ಅತ್ತೆಯನ್ನು ಹಿತ್ತಲಿಗೆ ಕಳಿಸುವ ಆಲೋಚನೆ ನಮ್ಮವರಿಗಿಂತ ಮೊದಲು ಅವರಿಗೇ ಬಂದದ್ದು ನೋಡಿ. ಕಾಗದಪತ್ರದಲ್ಲಿ ಅದರ ಹೆಸರು ಆಕ್ಸೆಸರಿ ಡ್ವೆಲಿಂಗ್ ಯೂನಿಟ್, ಚಿಕ್ಕದಾಗಿ ಎ.ಡಿ.ಯು. ‘ಆಕ್ಸೆಸರಿ’ ಎಂದರೆ ಉಪ, ಜೊತೆಯದು. ಕಾರು ನಿಲ್ಲಿಸುವ ಗ್ಯಾರೇಜು, ಹುಲ್ಲು ಕತ್ತರಿಸುವ ಯಂತ್ರ ಇಡುವ ಶೆಡ್ಡು, ಇವೆಲ್ಲ ಆಕ್ಸೆಸರಿ ಕಟ್ಟಡಗಳು. ನಮ್ಮಲ್ಲಿ ಹಿತ್ತಲಿನ ಸೌದೆ ಕೊಟ್ಟಿಗೆ, ಬಚ್ಚಲು, ಔಟ್‌ಹೌಸು ಇದ್ದ ಹಾಗೆ. ಈ ‘ಉಪ’ ಎನ್ನುವ ಮಾತನ್ನು ನೆನಪಿನಲ್ಲಿಡಿ, ಅದರ ಹತ್ತಿರ ಮತ್ತೆ ಬರಬೇಕು.

ಅಲ್ಲಿ ಊರನ್ನು ವಲಯಗಳಾಗಿ ಹಂಚಿರುತ್ತಾರೆ. ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ, ಇಲ್ಲಿ ಒಂದು ಸೈಟಿಗೆ ಒಂದೇ ಸಂಸಾರದ ಮನೆ ಎಂದು. ಇದಕ್ಕೆ ಜೋನಿಂಗ್ ಎಂದು ಹೆಸರು. ನ್ಯೂಯಾರ್ಕ್ ನಗರ 1916ರಲ್ಲಿ ಊರಿಗೆಲ್ಲ ಇಂಥ ನಿಯಮ ಮಾಡಿತು. ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಹಳ್ಳಿಯ ಮೊಕದ್ದಮೆಯಲ್ಲಿ 1926ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಇದು ಸರಿ ಎಂದು ಹೇಳಿದ ಮೇಲೆ ದೇಶವೆಲ್ಲ ಹಬ್ಬಿತು. ನಮ್ಮ ಪುರಸಭೆಯವರು ಕಾಂಪೌಂಡಿನಿಂದ ಇಷ್ಟು ಅಡಿ ಬಿಡಿ ಅನ್ನುವುದಿಲ್ಲವೆ, ಅಲ್ಲೂ ಆ ಸೆಟ್‌ಬ್ಯಾಕಿನ ಲೆಕ್ಕ ಉಂಟು. ವ್ಯತ್ಯಾಸ ಏನೆಂದರೆ ಅಲ್ಲಿ ನಿಜವಾಗಿಯೂ ಬಿಡುತ್ತಾರೆ! (ನಮ್ಮ ಮನೆಯ ಹಿಂದಿನ ಬಚ್ಚಲು ಪಕ್ಕದವರ ಗೋಡೆಗೆ ಅಂಟಿಕೊಂಡಿದೆ. ನಮ್ಮ ಮಾವನವರ ಕಾಲದ್ದು. ಅದನ್ನು ಬರೆಯುವಾಗ ನನಗೇ ನಾಚಿಕೆ.)

ನಿಯಮಕ್ಕೆ ಹೊಂದದ್ದನ್ನು ಕಟ್ಟಲೇಬೇಕು ಅಂದರೆ ‘ವೇರಿಯನ್ಸ್’ ಕೇಳಬೇಕು, ಎಂದರೆ ನಿಯಮದಿಂದ ವಿನಾಯಿತಿ. ಅದನ್ನು ಕೊಡುವವರು ಊರಿನವರದೇ ಒಂದು ಮಂಡಳಿ. ಅಂಥ ಒಂದು ಸಭೆಯಲ್ಲಿ ನಾನೇ ಕೂತು ಬಂದಿದ್ದೇನೆ. ಸೋದರಿಯ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ.

ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿದ್ದೆ. ಒಂದು ದಿನ ಅಂಚೆಯವನು ಸಹಿ ಹಾಕಿಸಿಕೊಂಡು ಒಂದು ಕಾಗದ ಕೊಟ್ಟ. ಕೋರ್ಟಿನದೇ ಇರಬೇಕು ಎಂದು ನನ್ನ ಎದೆ ಧಸಕ್ಕೆಂದಿತು. ಮಗಳು ಓದಿ ನಕ್ಕಳು. ಎರಡು ಮನೆ ಆಚೆಯ ಗುಜರಾತಿ ಸಂಸಾರದವರು ಹಿತ್ತಲಲ್ಲಿ ತಾಯಿಗೆ ಒಂದು ಪುಟ್ಟ ಮನೆ ಕಟ್ಟಬೇಕೆಂದು ಅರ್ಜಿ ಹಾಕಿದ್ದಾರೆ. ಆ ರಾಜ್ಯದಲ್ಲಿ ಹೀಗೆ ಅರ್ಜಿ ಹಾಕಿದವರು ಸುತ್ತ 200 ಅಡಿಯೊಳಗಿನ ಆಸ್ತಿಯವರಿಗೆಲ್ಲ ವಿಚಾರಣೆಗೆ ಹತ್ತು ದಿನ ಮುಂಚೆ ತಿಳಿಸಲೇಬೇಕು, ಆಗ ಪತ್ರಿಕೆಯಲ್ಲೂ ಹಾಕಿಸಬೇಕಿತ್ತು. ನಮ್ಮಲ್ಲಿ ಪಕ್ಕದ ಮನೆಯವರು ಮಹಡಿ ಎಬ್ಬಿಸುವುದು ಗೊತ್ತಾಗುವುದು ಮರಳಿನ ಲಾರಿ ಬಂದು ನಮ್ಮ ಗೇಟಿಗೆ ಅಡ್ಡ ನಿಂತಾಗ. ಅಲ್ಲಿ ಕಾಗದ ಬರುತ್ತದೆ!

ಆ ಅಜ್ಜಿಯನ್ನು ನಾನು ಬಲ್ಲೆ. ಸಂಜೆ ನಡೆಯಲು ಹೋದಾಗ ಸಿಗುತ್ತಿದ್ದರು. ಅವರಿಗೆ ಕನ್ನಡ ಬಾರದು, ನನಗೆ ಗುಜರಾತಿ ಬಾರದು. ನನ್ನ ಹರಕು ಹಿಂದಿಯಲ್ಲೇ ಮಂಡಿನೋವು, ಸೊಪ್ಪಿನ ಬೆಲೆ ಎಲ್ಲ ಮಾತಾಡುತ್ತಿದ್ದೆವು. ಹಾಗಾಗಿ ಮಗುವನ್ನು ಅಳಿಯಂದಿರ ಕೈಗೆ ಕೊಟ್ಟು, ಶಾಲು ಹೊದ್ದು, ಸಂಜೆ ಏಳಕ್ಕೆ ಮಗಳ ಜೊತೆ ಹೊರಟೆ.

ಸಭೆ ನಮ್ಮ ಪುರಸಭೆಯ ಮೀಟಿಂಗ್ ಹಾಲ್ ಥರವೇ ಇತ್ತು. ಎದುರಿಗೆ ಏಳು ಜನ, ಪಕ್ಕದಲ್ಲಿ ಮಂಡಳಿಯ ವಕೀಲರು. ಮಾತಾಡುವವರೆಲ್ಲ ಕೈ ಎತ್ತಿ ಪ್ರಮಾಣ ಮಾಡಬೇಕು. ಮಗ ಎದ್ದು ನಿಂತು ತಾಯಿಯ ಮಂಡಿ, ಮೆಟ್ಟಿಲು ಹತ್ತಲಾಗದ ಕಷ್ಟ, ಎರಡು ಸಲ ಬಿದ್ದದ್ದು ಎಲ್ಲವನ್ನೂ ಹೇಳಿದ. ನನ್ನ ಕಣ್ಣಲ್ಲಿ ನೀರು ಬಂತು. ಅಧ್ಯಕ್ಷರೂ ಒಳ್ಳೆಯವರೇ, ಕೇಳಿ ತಲೆದೂಗಿದರು. ಆಮೇಲೆ ಮೃದುವಾಗಿ ಒಂದು ಪ್ರಶ್ನೆ ಕೇಳಿದರು. “ಇದೆಲ್ಲ ನಿಮ್ಮ ತಾಯಿಯ ಕಷ್ಟ. ನಿಮ್ಮ ಸೈಟಿನ ಕಷ್ಟ ಏನು?”

ನನಗೆ ಅರ್ಥವಾಗಲಿಲ್ಲ. ಮಗಳು ಕಿವಿಯಲ್ಲಿ ಬಿಡಿಸಿ ಹೇಳಿದಳು. ವೇರಿಯನ್ಸ್ ಕೊಡುವಾಗ ಅವರು ನೋಡುವುದು ಭೂಮಿಯನ್ನು. ಸೈಟು ವಿಪರೀತ ಕಿರಿದಾಗಿದೆಯೇ, ಇಳಿಜಾರಿದೆಯೇ, ಸೊಟ್ಟಗಿದೆಯೇ, ಅದರಿಂದ ನಿಯಮದಂತೆ ಕಟ್ಟುವುದು ಆಗುತ್ತಿಲ್ಲವೇ? ಮನುಷ್ಯರ ಕಷ್ಟ ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಯಾಕೆಂದರೆ ಮನುಷ್ಯರು ಹೋಗುತ್ತಾರೆ, ಕಟ್ಟಡ ನಿಲ್ಲುತ್ತದೆ, ವಿನಾಯಿತಿಯೂ ಆ ಭೂಮಿಯ ಜೊತೆಗೇ ಮುಂದಿನವರಿಗೆ ಹೋಗುತ್ತದೆ. ತರ್ಕ ಸರಿ. ಆದರೆ ಆ ಹೊತ್ತಿನಲ್ಲಿ, ಗಾಲಿ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯ ಎದುರಿಗೆ, ಆ ತರ್ಕ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಅವರ ಸೈಟಿಗೆ ಇಳಿಜಾರೂ ಇರಲಿಲ್ಲ, ಸೊಟ್ಟವೂ ಇರಲಿಲ್ಲ. ಆದರೂ ಮಂಡಳಿಯವರಲ್ಲಿ ಒಬ್ಬ ಹೆಂಗಸು ದಾರಿ ಹುಡುಕಿದರು. “ನಕ್ಷೆಯಲ್ಲಿ ಒಲೆ ಇದೆಯಲ್ಲ, ಅದನ್ನು ತೆಗೆದುಬಿಡಬಹುದೇ?” ಎಂದರು. ಒಲೆ ಇದ್ದರೆ ಅದು ಎರಡನೆಯ ಮನೆ. ಒಂದೇ ಸಂಸಾರದ ವಲಯದಲ್ಲಿ ಎರಡನೆಯ ಮನೆಗೆ ಅವಕಾಶವಿಲ್ಲ. ಒಲೆ ಇಲ್ಲದಿದ್ದರೆ ಬರೀ ಕೋಣೆ ಎಂದು ನೋಡಬಹುದೇನೋ ಎಂದು ಅವರ ಆಸೆ.

ಮಗ ಅಜ್ಜಿಗೆ ಗುಜರಾತಿಯಲ್ಲಿ ಹೇಳಿದ. ಅಜ್ಜಿ ಇಡೀ ಸಭೆಯನ್ನು ಒಂದು ಸಲ ನೋಡಿ, ಒಲೆ ಬೇಕು ಎಂದರು. ಈರುಳ್ಳಿ ಬೆಳ್ಳುಳ್ಳಿ ತಾಗದ ಅಡುಗೆ, ಸ್ನಾನ ಮಾಡಿ ದೇವರಿಗಿಟ್ಟು ತಿನ್ನುವವರು ಅವರು. ಸೊಸೆಯ ಅಡುಗೆಮನೆಯಲ್ಲಿ ಮೊಮ್ಮಕ್ಕಳಿಗೆ ಮೊಟ್ಟೆ ಬೇಯುತ್ತದೆ, ಬೇಯಲಿ, ಅದಕ್ಕೆ ಅವರ ತಕರಾರಿಲ್ಲ. ಅದಕ್ಕೇ ಬೇರೆ ಒಲೆ ಕೇಳಿದ್ದು. ಮಡಿ ಅನ್ನುವುದನ್ನು ಇಂಗ್ಲಿಷಿನಲ್ಲಿ ಏಳು ಜನರ ಎದುರು ಹೇಳುವುದು ಹೇಗೆ? ಮಗ ಏನೋ ಹೇಳಿದ, ವಕೀಲರು ಏನೋ ಬರೆದುಕೊಂಡರು.

ಮತಕ್ಕೆ ಹಾಕಿದರು. ನಾಲ್ಕು ಜನ ಹೂಂ ಅಂದರು, ಮೂವರು ಉಹೂಂ ಅಂದರು. ಗೆದ್ದರು ಎಂದು ನಾನು ಮಗಳ ಕೈ ಹಿಡಿದುಕೊಂಡೆ. ಸೋತಿದ್ದರು! ವಲಯದಲ್ಲಿ ಇಲ್ಲದ ಉಪಯೋಗಕ್ಕೆ ವಿನಾಯಿತಿ ಬೇಕಾದರೆ ನ್ಯೂಜೆರ್ಸಿಯಲ್ಲಿ ಐದು ಮತ ಬೇಕಂತೆ, ನಾಲ್ಕು ಸಾಲದು. ಕೊನೆಗೆ ಅವರು ಕೆಳಗಿನ ಊಟದ ಕೋಣೆಗೇ ಗೋಡೆ ಹಾಕಿಸಿ ಅಜ್ಜಿಗೆ ಮಲಗುವ ಕೋಣೆ ಮಾಡಿದರು. ಒಲೆಯ ಬದಲು ಕರೆಂಟಿನ ಒಂದು ಸಣ್ಣ ಪ್ಲೇಟು. ಹಿತ್ತಲಲ್ಲಿ ಹುಲ್ಲಿನ ಯಂತ್ರಕ್ಕೆ ಮಾತ್ರ ಚೆಂದದ ಶೆಡ್ಡು ಇದೆ, ಅದಕ್ಕೆ ಯಾರ ಮತವೂ ಬೇಕಾಗಿರಲಿಲ್ಲ.

ಒಂದೇ ಸಂಸಾರ ಎಂದರೆ ಯಾರು ಎಂಬುದನ್ನೂ ಅಲ್ಲಿ ಊರಿನ ನಿಯಮ ಹೇಳುತ್ತಿತ್ತು ಗೊತ್ತೆ? ಒಹಾಯೊದ ಈಸ್ಟ್ ಕ್ಲೀವ್‌ಲ್ಯಾಂಡ್ ಊರಿನಲ್ಲಿ ಐನೆಜ್ ಮೂರ್ ಎಂಬ ಅಜ್ಜಿ ಇದ್ದರು. ಮನೆಯಲ್ಲಿ ಒಬ್ಬ ಮಗ, ಅವನ ಮಗ, ಜೊತೆಗೆ ತಾಯಿ ತೀರಿಕೊಂಡ ಇನ್ನೊಬ್ಬ ಮೊಮ್ಮಗ. ಈ ಮಗು ಅಜ್ಜಿಯ ಮಡಿಲಿಗೆ ಬಂದಾಗ ಅದಕ್ಕೆ ವರ್ಷವೂ ತುಂಬಿರಲಿಲ್ಲ. ಮೊಮ್ಮಕ್ಕಳಿಬ್ಬರೂ ಒಡಹುಟ್ಟಿದವರಲ್ಲ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಹಾಗೆ. ನಮ್ಮಲ್ಲಾದರೆ ಅವರನ್ನೂ ಅಣ್ಣ ತಮ್ಮ ಅಂತಲೇ ಕರೆಯೋದು. ಆ ಊರಿನ ನಿಯಮದ ಪ್ರಕಾರ ಅದು ಒಂದು ಸಂಸಾರವಲ್ಲ! 1973ರಲ್ಲಿ ಆ ಹುಡುಗ ಅಕ್ರಮವಾಗಿ ವಾಸವಿದ್ದಾನೆ ಎಂದು ನೋಟೀಸು ಕೊಟ್ಟರು. ಅಜ್ಜಿ ಮೊಮ್ಮಗನನ್ನು ಹೊರಗೆ ಹಾಕಲಿಲ್ಲ. ಐದು ದಿನ ಜೈಲು, 25 ಡಾಲರ್ ದಂಡ ಎಂದು ಶಿಕ್ಷೆಯಾಯಿತು. ಅವರು ಬಿಡದೆ ಸುಪ್ರೀಂ ಕೋರ್ಟಿನವರೆಗೆ ಹೋದರು, 1977ರಲ್ಲಿ ಗೆದ್ದರು. ನನಗೆ ಆ ಹೆಂಗಸಿನ ಬಗ್ಗೆ ಬಹಳ ಗೌರವ.

ಈಗ ಹಾಸನದ ಸೋದರಿಯ ವಿಚಾರಕ್ಕೆ ಬರೋಣ. ನಿಮ್ಮ ಅದೃಷ್ಟ, ನಿಮ್ಮ ಮಗ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಮನೆಗಳ ಬರ ಹೇಳತೀರದು. ಅದಕ್ಕೇ ರಾಜ್ಯದವರು ಊರೂರಿನ ಕಟ್ಟುಪಾಡುಗಳನ್ನು ಸಡಿಲಿಸುತ್ತ ಬಂದಿದ್ದಾರೆ. 1982ರಲ್ಲೇ ಮೊದಲ ಕಾನೂನು ಬಂದಿತ್ತು, 2020ರಿಂದ ನಿಜವಾಗಿ ಬಾಗಿಲು ತೆರೆಯಿತು. ಒಂದು ಸಂಸಾರದ ಮನೆಯ ಹಿತ್ತಲಲ್ಲಿ 800 ಚದರಡಿ, 16 ಅಡಿ ಎತ್ತರದವರೆಗಿನ ಪುಟ್ಟ ಮನೆಯನ್ನು, ಪಕ್ಕಕ್ಕೂ ಹಿಂದಕ್ಕೂ ನಾಲ್ಕು ನಾಲ್ಕು ಅಡಿ ಬಿಟ್ಟು ಕಟ್ಟುವುದಾದರೆ, ಊರಿನವರು ಆಗದು ಅನ್ನುವಂತಿಲ್ಲ. ನಮ್ಮ 20x40 ಸೈಟಿನಷ್ಟು ಮನೆ, ಸುತ್ತ ಒಬ್ಬರು ಬಕೆಟ್ ಹಿಡಿದು ಓಡಾಡುವಷ್ಟು ಜಾಗ ಎಂದುಕೊಳ್ಳಿ. ನಕ್ಷೆ, ಕಾಗದ ಸರಿಯಿದ್ದರೆ 60 ದಿನದಲ್ಲಿ ತೀರ್ಮಾನ ಹೇಳಬೇಕು. ನೆರೆಯವರ ವಿಚಾರಣೆಯಿಲ್ಲ, ಮತವಿಲ್ಲ, ನಿಮ್ಮ ಮಂಡಿಯ ಕಥೆ ಯಾರಿಗೂ ಹೇಳಬೇಕಾಗಿಲ್ಲ. ಒಲೆ? ಇರಲೇಬೇಕು! ಅಡುಗೆಗೆ, ಸ್ನಾನಕ್ಕೆ, ಮಲಗಲಿಕ್ಕೆ ಎಲ್ಲಕ್ಕೂ ವ್ಯವಸ್ಥೆ ಇದ್ದರೇನೇ ಅದು ಎ.ಡಿ.ಯು. ಆ ಗುಜರಾತಿ ಅಜ್ಜಿ ಕೇಳಿದರೆ ಏನನ್ನುತ್ತಾರೋ.

ಮಗ ಇನ್ನೊಂದು ಮಾತೂ ಹೇಳಿದ್ದಾನಂತೆ, ಗೆಳೆಯರು ಕೆಲವರು ಲೈಸೆನ್ಸಿಲ್ಲದೆ ಗ್ಯಾರೇಜನ್ನೇ ಮನೆ ಮಾಡಿಬಿಟ್ಟಿದ್ದಾರೆ, ಖರ್ಚು ಕಮ್ಮಿ ಎಂದು. ಬೇಡಮ್ಮಾ. ಅಲ್ಲೂ ನಮ್ಮ ಅಕ್ರಮ–ಸಕ್ರಮದಂಥದ್ದು ಉಂಟು. 2020ರ ಜನವರಿಗೆ ಮುಂಚೆ ಹಾಗೆ ಕಟ್ಟಿದ್ದನ್ನು, ವಾಸಕ್ಕೆ ಅಪಾಯವಿಲ್ಲದಿದ್ದರೆ, ಸಕ್ರಮ ಮಾಡಿಕೊಡುವ ಕಾನೂನು 2024ರಲ್ಲಿ ಆಗಿದೆ. ಈಗ ಕಟ್ಟುವವರಿಗೆ ಅದು ಬರುವುದಿಲ್ಲ. ಸಕ್ರಮ ಆಗುತ್ತದೆ ಎಂದು ನಂಬಿ ಕೂತವರ ಗತಿ ನಮಗೆ ಗೊತ್ತಿಲ್ಲವೆ? ನಮ್ಮ ಯೋಜನೆಯನ್ನು ಹೈಕೋರ್ಟು 2016ರ ಡಿಸೆಂಬರಿನಲ್ಲಿ ಎತ್ತಿ ಹಿಡಿಯಿತು, ಮರುತಿಂಗಳೇ ಸುಪ್ರೀಂ ಕೋರ್ಟು ತಡೆ ಹಾಕಿತು. ಗ್ಯಾರೇಜನ್ನು ಮನೆ ಮಾಡುವುದಕ್ಕೂ ಅಲ್ಲಿ ಸಲೀಸಾಗಿ ಅನುಮತಿ ಸಿಗುತ್ತದೆ. ತೆಗೆದುಕೊಂಡೇ ಮಾಡಲಿ.

ಇನ್ನು ನನ್ನ ಭಯ. ‘ಉಪ’ ಎಂದೆನಲ್ಲ, ಅದು. ಆ ಪುಟ್ಟ ಮನೆಗೆ ನಿಮ್ಮ ದುಡ್ಡೇ ಹಾಕಿದರೂ, ಗೃಹಪ್ರವೇಶದಲ್ಲಿ ನೀವೇ ಹಾಲು ಉಕ್ಕಿಸಿದರೂ, ಕಾನೂನಿನ ಕಣ್ಣಲ್ಲಿ ಅದು ಮುಂದಿನ ದೊಡ್ಡ ಮನೆಯ ಬಾಲ. ಸೈಟು ಯಾರದೋ ಕಟ್ಟಡವೂ ಅವರದು. ಅದನ್ನು ಬೇರೆಯಾಗಿ ಮಾರುವ ಹಾಗಿಲ್ಲ. ಬೇಕಾದರೆ ಬೇರೆಯಾಗಿ ಮಾರಲು ಬಿಡಬಹುದು ಎಂದು ಊರುಗಳಿಗೆ 2023ರ ಒಂದು ಕಾನೂನು ಅಧಿಕಾರ ಕೊಟ್ಟಿದೆ, 2024ರಲ್ಲಿ ಸ್ಯಾನ್ ಹೋಸೆ ನಗರ ಒಪ್ಪಿತು. ಹಾಗೆ ಒಪ್ಪದ ಊರಲ್ಲಿ ಅದು ಸೈಟಿಗೆ ಅಂಟಿಕೊಂಡೇ ಇರುತ್ತದೆ. ನಿಮ್ಮ ಮಗನಿಗೆ ಕೆಲಸ ಬೇರೆ ರಾಜ್ಯಕ್ಕೆ ಆಯಿತು ಎನ್ನಿ, ಮನೆ ಮಾರಿದರೆ ನಿಮ್ಮದೂ ಜೊತೆಗೇ ಹೋಯಿತು. ಬಾಡಿಗೆಗೆ ಕೊಟ್ಟರೆ ಮುಂದಿನ ಮನೆಗೆ ಯಾರೋ ಅಪರಿಚಿತರು. ಯಜಮಾನ ಅಲ್ಲೇ ವಾಸವಿರಬೇಕೆಂದು ಊರಿನವರು ಕೇಳುವ ಹಾಗೂ ಈಗಿಲ್ಲ.

ಇನ್ನೊಂದು ಮಾತು, ಬಿಡ್ತು ಅನ್ನಿ, ಆದರೂ ಹೇಳಲೇಬೇಕು. ಮದುವೆಯಾದ ಮೇಲೆ ದುಡಿದು ಗಳಿಸಿದ ಆಸ್ತಿ ಕ್ಯಾಲಿಫೋರ್ನಿಯಾದಲ್ಲಿ ಗಂಡ ಹೆಂಡಿರಿಬ್ಬರಿಗೂ ಸಮಪಾಲು. ನಾಳೆ ಅವರಿಬ್ಬರಲ್ಲಿ ಏನಾದರೂ ಬಿರುಕು ಬಂದು ಪಾಲಾದರೆ, ಅದರಲ್ಲಿ ಅಮ್ಮನ ಹಾಸನದ ದುಡ್ಡು ಎಷ್ಟು ಎಂದು ತೋರಿಸಲು ಒಂದು ಚೀಟಿಯೂ ಇಲ್ಲದೆ ಹೋದರೆ? ನಿಮ್ಮ ಸೊಸೆ ಒಳ್ಳೆಯವಳೇ. ನೀವು ಎರಡು ಅಡಿಗೆರೆ ಹಾಕಿದ್ದೀರಿ, ನಾನು ಮೂರನೆಯದು ಹಾಕುತ್ತೇನೆ. ಕಾಗದ ಬರೆಸುವುದು ಯಾರ ಮೇಲಿನ ಅಪನಂಬಿಕೆಯಿಂದಲೂ ಅಲ್ಲ. ನಿಮ್ಮ ಯಜಮಾನರು ಹಾಸನದ ಮನೆಗೆ ಕ್ರಯಪತ್ರ ಮಾಡಿಸಿರಲಿಲ್ಲವೆ?

ಸರಿ, ಹಾಗಾದರೆ ಹೋಗಬೇಡಿ ಎನ್ನುತ್ತೇನೆಯೇ? ಇಲ್ಲಪ್ಪ. ಹೋಗಿ. ಮೊಮ್ಮಗುವಿನ ಜೊತೆ ಇರುವ ಸುಖವನ್ನು ಯಾಕೆ ಬಿಡಬೇಕು? ಆದರೆ ಮನೆ ಮಾರಬೇಡಿ, ಈಗಲೇ ಅಂತೂ ಬೇಡ. ಗಿರಾಕಿಗೆ ಇಲ್ಲ ಎಂದು ಹೇಳಿ. ಅಡ್ವಾನ್ಸ್ ತೆಗೆದುಕೊಂಡಿಲ್ಲ ತಾನೆ? ಕೆಳಗಿನ ಭಾಗವನ್ನು ನಂಬಿಕಸ್ತ ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, ಒಂದು ಕೋಣೆಗೆ ನಿಮ್ಮ ಬೀಗ ಹಾಕಿ. ಸಂದರ್ಶಕರ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಬಿಡುತ್ತಾರೆ. ಆ ಆರು ತಿಂಗಳು ದೊಡ್ಡ ಮನೆಯಲ್ಲೇ ಇದ್ದು ನೋಡಿ. ಚಳಿ ಹೇಗೆ, ಹಗಲೆಲ್ಲ ಒಬ್ಬರೇ ಇರುವುದು ಹೇಗೆ, ಕಾರು ಬಿಡಲು ಬಾರದವರು ತರಕಾರಿಗೆ ಹೋಗುವುದು ಹೇಗೆ ಎಂಬುದೆಲ್ಲ ನಿಮಗೇ ತಿಳಿಯುತ್ತದೆ. ಅಲ್ಲೇ ನೆಲೆಸಲು ಮಗ ನಿಮಗೆ ಗ್ರೀನ್ ಕಾರ್ಡ್ ಕೇಳಬೇಕಾದರೆ ಅವನು ಅಲ್ಲಿಯ ಪ್ರಜೆಯಾಗಿರಬೇಕು, ಅವನಿಗೇ ಬರೀ ಗ್ರೀನ್ ಕಾರ್ಡ್ ಇದ್ದರೆ ತಾಯಿಗೆ ಕೇಳಲು ಬರುವುದಿಲ್ಲ. ಆಗಿದ್ದಾನೆಯೇ? ನಿಮ್ಮ ಪತ್ರದಲ್ಲಿ ಇಲ್ಲ. ವರ್ಷಕ್ಕೆ ಆರು ತಿಂಗಳು ಇರುವವರಿಗೆ ಅಷ್ಟು ಖರ್ಚಿನ ಮನೆ ಬೇಕೆ?

ಒಂದು ವೇಳೆ ಮಾರುವುದೇ ಆದರೂ ಇದು ತಿಳಿದಿರಲಿ. ಹಳೆಯ ಮನೆ ಮಾರಿದ ಲಾಭವನ್ನು ಹೊಸ ಮನೆಗೆ ಹಾಕಿದರೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಉಂಟಲ್ಲ, ಆ ಹೊಸ ಮನೆ ಭಾರತದಲ್ಲೇ ಇರಬೇಕು ಎಂದು 2014ರಲ್ಲಿ ಕಾನೂನು ತಿದ್ದಿದ್ದಾರೆ. ಅಮೆರಿಕದ ಹಿತ್ತಲು ಅದಕ್ಕೆ ಬರುವುದಿಲ್ಲ. ಹಾಸನದಲ್ಲೇ ಒಬ್ಬ ಆಡಿಟರನ್ನು ಕಂಡು ಲೆಕ್ಕ ಹಾಕಿಸಿ.

ಮಗ ತನ್ನ ದುಡ್ಡಿನಲ್ಲೇ ಕಟ್ಟಿಸುತ್ತೇನೆ ಅಂದರೆ ಸಂತೋಷದಿಂದ ಕಟ್ಟಿಸಲಿ. ನೀವು ಒಂದಿಷ್ಟು ಸೇರಿಸಲೇಬೇಕು ಎಂದು ಮನಸ್ಸಾದರೆ, ಅದು ಉಡುಗೊರೆಯೋ ಸಾಲವೋ ಎಂದು ಅಲ್ಲಿಯ ವಕೀಲರ ಹತ್ತಿರ ಎರಡು ಸಾಲು ಬರೆಸಿ, ಮಗ ಸೊಸೆ ಇಬ್ಬರ ಸಹಿಯೂ ಇರಲಿ. ನಕ್ಷೆಯಲ್ಲಿ ಬಚ್ಚಲಿನ ಬಾಗಿಲು ಅಗಲ ಇಡಿಸಿ, ಹೊಸ್ತಿಲು ಎತ್ತರ ಬೇಡ. ಒಲೆ ಕಿಟಕಿಯ ಹತ್ತಿರ ಬರಲಿ. ಒಗ್ಗರಣೆ ಹಾಕಿದರೆ ಅಲ್ಲಿಯ ಮನೆಗಳಲ್ಲಿ ಹೊಗೆಯ ಗಂಟೆ ಬಡಿದುಕೊಳ್ಳುತ್ತದೆ, ನನಗೆ ಮೂರು ಸಲ ಆಗಿದೆ!

ಗಿರಾಕಿಗೆ ಏನು ಹೇಳಿದಿರಿ ಎಂದು ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ. ಆ ಗುಜರಾತಿ ಅಜ್ಜಿ ಕರೆಂಟಿನ ಪ್ಲೇಟಿನ ಮೇಲೆ ಮಾಡಿ ನನಗೆ ಕಲಿಸಿಕೊಟ್ಟ ಖಾಂಡ್ವಿಯ ವಿಧಾನ ಇದೇ ಸಂಚಿಕೆಯ ಅಡುಗೆ ಪುಟದಲ್ಲಿದೆ. ಕಡಲೆಹಿಟ್ಟು ಹಳೆಯದಾಗಿದ್ದರೆ ಹಾಳೆ ಏಳುವುದಿಲ್ಲ, ಹೊಸದನ್ನೇ ತನ್ನಿ.